ಡಾಕ್ಟರ ಪರಿಚಯದಲ್ಲಿ ಇಲ್ಲದ ವರ್ಷಗಳು

ಮಾರ್ಚ್ ೪, ಸೋಮವಾರ

ಅಪ್ಪನ ಬಾಯಿಗೆ ಬೀಗ ಹಾಕುವ ಹಾಗಿದ್ದರೆ ಇವತ್ತೇ ಹಾಕಿಬಿಡುತ್ತಿದ್ದೆ. ಎದೆಯ ಸ್ಕ್ಯಾನ್ ತೋರಿಸಲು ಹೋದವರು ಅದನ್ನು ತೋರಿಸಿ ಸುಮ್ಮನೆ ಬರಬೇಕು ತಾನೆ? ಡಾಕ್ಟರು ಫೋನಿನಲ್ಲಿ ಯಾರಿಗೋ "ವೆಬ್‌ಸೈಟ್ ರೆಡಿ ಇದೆ, ಬರೆಯೋರೇ ಸಿಗ್ತಿಲ್ಲ" ಎನ್ನುತ್ತಿದ್ದರು. ಅವರು ಫೋನ್ ಕೆಳಗಿಡುವುದಕ್ಕೂ ಕಾಯದೆ ಅಪ್ಪ, "ನನ್ನ ಮಗಳಿದ್ದಾಳಲ್ಲ ಸಾರ್, ಸಾಹಿತ್ಯದಲ್ಲಿ ಎಂ.ಎ. ಮನೇಲೇ ಕೂತಿದ್ದಾಳೆ" ಎಂದರು. ನಾನು ಅವರ ಹಿಂದೆ ಗೋಡೆಗೆ ತಗುಲಿಹಾಕಿದ ಕ್ಯಾಲೆಂಡರಿನ ಹಾಗೆ ನಿಂತಿದ್ದೆ.

"ಬರೀತೀರಾ?" ಎಂದು ಡಾಕ್ಟರು ಕೇಳಿದರು. ತಲೆಯಾಡಿಸಿದೆ. ಹೌದು ಅಂತಲೋ ಇಲ್ಲ ಅಂತಲೋ ನನಗೇ ಗೊತ್ತಿರಲಿಲ್ಲ. ಅವರು ಹೌದು ಎಂದು ತಿಳಿದುಕೊಂಡರು.

ರೋಗಿಗಳು ಓದುವುದಕ್ಕೆ ಒಂದು ಪರಿಚಯ ಬರೆಯಬೇಕು. ಡಾಕ್ಟರು ಎಲ್ಲಿ ಓದಿದರು, ಎಲ್ಲೆಲ್ಲಿ ಕೆಲಸ ಮಾಡಿದರು, ಶ್ವಾಸಕೋಶದ ಯಾವ ಯಾವ ಕಾಯಿಲೆ ನೋಡುತ್ತಾರೆ, ಯಾವಾಗ ಬರಬೇಕು, ಬರುವಾಗ ಏನು ತರಬೇಕು.

ಅಪ್ಪನ ವಿಷಯ ಕೊನೆಗೆ ಬಂತು. ಸ್ಕ್ಯಾನಿನಲ್ಲಿ ಬಲಗಡೆ ಮೇಲುಭಾಗದಲ್ಲಿ ಒಂದು ಬಿಳಿ ಗಂಟು. ಮೂಗಿನಿಂದ ಸಣ್ಣ ಟ್ಯೂಬು ಇಳಿಸಿ, ಒಳಗಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಂತೆ. "ಕ್ಷಯ ಇರಬಹುದು. ಇನ್ನೇನೋ ಇರಬಹುದು. ನೋಡದೆ ಹೇಳಲ್ಲ" ಎಂದರು. ಆ "ಇನ್ನೇನೋ" ನಮ್ಮ ಜೊತೆ ಬಸ್ಸು ಹತ್ತಿ ಮನೆಯವರೆಗೂ ಬಂತು. ಹತ್ತೊಂಬತ್ತನೇ ತಾರೀಕು ಪರೀಕ್ಷೆ.

ಮಾರ್ಚ್ ೬, ಬುಧವಾರ

ಇಡೀ ಬೆಳಿಗ್ಗೆ ಕ್ಲಿನಿಕ್ಕಿನ ಮೂಲೆಯಲ್ಲಿ ಕೂತು ನೋಡಿದೆ.

ಉಸಿರು ಕಟ್ಟುವವರೇ ಬರುವ ಈ ಜಾಗ ಎರಡನೇ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ಮೆಟ್ಟಿಲ ತಿರುವಿನಲ್ಲಿ ಒಂದು ಬೆಂಚು ಹಾಕಿದ್ದಾರೆ. ಅಲ್ಲಿ ಕೂತು ಏದುಸಿರು ಬಿಡುತ್ತಿದ್ದ ಹೆಂಗಸೊಬ್ಬರು ನನ್ನ ಕೈ ಹಿಡಿದು ಕೂರಿಸಿಕೊಂಡರು. "ಮೇಲೆ ನೋಡು. ಕಂಬಿ ಹಿಡ್ಕೊಂಡು ನಿಂತಿದ್ದಾರಲ್ಲ, ಡಾಕ್ಟರೇ. ನಾವು ಎಲ್ಲೆಲ್ಲಿ ನಿಲ್ತೀವಿ ಅಂತ ನೋಡ್ತಾರೆ. ರೂಮಿಗೆ ಹೋಗೋಷ್ಟರಲ್ಲಿ ಅರ್ಧ ಪರೀಕ್ಷೆ ಮುಗಿದಿರುತ್ತೆ. ಬಾಕಿ ಅರ್ಧಕ್ಕೆ ನಾನು ಬದುಕಿದ್ರೆ ತಾನೆ!" ಎಂದು ನಕ್ಕು, ನಗುವಿನಿಂದ ಕೆಮ್ಮಿಗೆ ಜಾರಿದರು. ತೀರಾ ಆಗದವರನ್ನು ನೋಡಲು ಡಾಕ್ಟರೇ ಕೆಳಗಿನ ಔಷಧಿ ಅಂಗಡಿಗೆ ಇಳಿದು ಬರುತ್ತಾರಂತೆ. ಆದರೂ ನನಗೆ ಅನುಮಾನ. ಹತ್ತಿಸಿ ಸುಸ್ತು ಮಾಡಿದರೆ ಆರೋಗ್ಯವಂತನೂ ರೋಗಿಯ ಹಾಗೇ ಕಾಣುತ್ತಾನೆ.

ಒಳಗೆ ಇನ್ನೊಂದು ವಿಚಿತ್ರ. ಏನು ತೊಂದರೆ ಎಂದು ಅವರು ಕೇಳುವುದೇ ಕೊನೆಗೆ.

"ಏನು ಕೆಲಸ ಮಾಡ್ತೀರಿ?"

"ಟೈಲರ್ ಸಾರ್."

"ಅದಕ್ಕೂ ಮುಂಚೆ?"

"ಹತ್ತಿ ಗೋದಾಮಲ್ಲಿದ್ದೆ."

"ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆ ನಮ್ಮಮ್ಮನ ಸೊಂಟದ ಮೇಲಿದ್ದೆ ಸಾರ್."

ಎಲ್ಲರೂ ನಕ್ಕರು, ಡಾಕ್ಟರೂ ನಕ್ಕರು. ಆದರೆ ಬಿಡಲಿಲ್ಲ. ಹೆಂಡತಿ ಎಲ್ಲಿ ಕೆಲಸ ಮಾಡುತ್ತಾಳೆ, ಮನೆಯಲ್ಲಿ ಪಾರಿವಾಳ ಇದೆಯಾ, ಗೋಡೆಗೆ ತೇವ ಇದೆಯಾ, ಎಲ್ಲ ಕೇಳಿದರು. ಕೆಮ್ಮಿಗೆ ಔಷಧಿ ಕೇಳಲು ಬಂದವರ ಮನೆ ಒಳಗೆಲ್ಲ ಯಾಕೆ ಇಣುಕಬೇಕು? ಯಾರ ಹತ್ತಿರ ಎಷ್ಟಿದೆ ಎಂದು ತಿಳಿದುಕೊಳ್ಳಲು ಇದಕ್ಕಿಂತ ನಯವಾದ ದಾರಿ ನನಗಂತೂ ಹೊಳೆಯುವುದಿಲ್ಲ.

ಮಾರ್ಚ್ ೧೧, ಸೋಮವಾರ

ಇವತ್ತು ಡಾಕ್ಟರು ತಮ್ಮ ಬಗ್ಗೆ ಹೇಳಿದರು, ನಾನು ಬರೆದುಕೊಂಡೆ. ಸರಕಾರಿ ಶಾಲೆ, ಸ್ಕಾಲರ್‌ಶಿಪ್, ಎಂ.ಬಿ.ಬಿ.ಎಸ್. ಎಲ್ಲ ಸರಾಗವಾಗಿ ಬಂತು. "ಆಮೇಲೆ ಶ್ವಾಸಕೋಶದ ಮೇಲೆ ಓದಿದೆ, ದೊಡ್ಡ ಆಸ್ಪತ್ರೆಯಲ್ಲಿದ್ದೆ, ಈಗ ಇಲ್ಲಿದ್ದೀನಿ."

ಇಸವಿಗಳನ್ನು ಬರೆದುಕೊಳ್ಳುವಾಗ ಕೈ ನಿಂತಿತು. ಮೊದಲ ಡಿಗ್ರಿಗೂ ಎರಡನೆಯದಕ್ಕೂ ನಡುವೆ ಐದಾರು ವರ್ಷ ಖಾಲಿ. ಕೇಳಲು ಬಾಯಿ ಬರಲಿಲ್ಲ. ಹಾಳೆಯನ್ನು ಅವರ ಕಡೆ ತಿರುಗಿಸಿ ಆ ಜಾಗದ ಮೇಲೆ ಪೆನ್ನಿಟ್ಟೆ.

ಅವರು ಹಾಳೆ ನೋಡಲಿಲ್ಲ, ಪೆನ್ನನ್ನೇ ನೋಡಿದರು. "ಅದು ಬೇಡ" ಎಂದರು. "ರೋಗಿಗಳಿಗೆ ಅದರಿಂದ ಏನೂ ಪ್ರಯೋಜನ ಇಲ್ಲ."

ಹೇಳುವವನು ಕಥೆಯಲ್ಲಿ ಎಲ್ಲಿ ಬೇಗ ಬೇಗ ಹೆಜ್ಜೆ ಹಾಕುತ್ತಾನೋ ಅಲ್ಲೇ ನಿಂತು ನೋಡಬೇಕು. ಓದಿ ಕಲಿತಿದ್ದರಲ್ಲಿ ಇದೊಂದಾದರೂ ಉಪಯೋಗಕ್ಕೆ ಬಂತು.

ಮಾರ್ಚ್ ೧೪, ಗುರುವಾರ

ಕೌಂಟರಿನಲ್ಲಿ ಕೂರುವ ಅಕ್ಕ ಡಾಕ್ಟರ ಜೊತೆ ಬಹಳ ಕಾಲದಿಂದ ಇದ್ದಾರೆ. ಅವರನ್ನು ಕೇಳಬೇಕೆಂದು ಎರಡು ಸಲ ಹತ್ತಿರ ಹೋಗಿ, ಎರಡು ಸಲವೂ ನೀರು ಕುಡಿದು ವಾಪಸ್ ಬಂದೆ. ಮೂರನೇ ಸಲ ಅವರೇ, "ಏನು, ಸಕ್ಕರೆ ಕಾಯಿಲೆನಾ ಈ ವಯಸ್ಸಿಗೆ?" ಎಂದರು. ಬೇರೆ ದಾರಿ ಇರಲಿಲ್ಲ, ಕೇಳಿದೆ.

ಅಕ್ಕನ ಮುಖ ಶಟರ್ ಎಳೆದ ಹಾಗಾಯಿತು. "ನೀವು ಬರೀತಿರೋದು ಪರಿಚಯನೋ ಪೊಲೀಸ್ ರಿಪೋರ್ಟೋ? ಅವರು ಹೇಳಿದ್ದು ಬರೀರಿ, ಹೇಳದೇ ಇದ್ದಿದ್ದು ಬಿಡಿ."

ಅಂದರೆ ಇವರಿಗೆ ಗೊತ್ತಿದೆ. ಇಬ್ಬರೂ ಸೇರಿ ಮುಚ್ಚಿಡುತ್ತಿದ್ದಾರೆ. ಅಲ್ಲಿಂದ ಬರುವಾಗ ಬಸ್ಸಿನಲ್ಲಿ ಇನ್ನೊಂದು ವಿಷಯ ಹೊಳೆಯಿತು. ಎಲ್ಲರನ್ನೂ ಅಷ್ಟು ಕೆದಕಿ ಕೇಳುವ ಮನುಷ್ಯ ಅಪ್ಪನನ್ನು ಏನೂ ಕೇಳಲೇ ಇಲ್ಲ. ಏನು ಕೆಲಸ, ಅದಕ್ಕೂ ಮುಂಚೆ ಏನು, ಒಂದೂ ಇಲ್ಲ. ಬೆನ್ನ ಮೇಲೆ ಸ್ಟೆತಸ್ಕೋಪ್ ಇಟ್ಟರು, ಸ್ಕ್ಯಾನ್ ನೋಡಿದರು, ಟ್ಯೂಬು ಹಾಕಬೇಕು ಎಂದರು. ಅಷ್ಟೇ. ಚಪ್ಪಲಿ ಅಂಗಡಿಯಲ್ಲಿ ಕೂರುವ ಮುದುಕ ಎಂದು ಉದಾಸೀನವೋ, ಅಥವಾ ಟ್ಯೂಬು ಹಾಕುವುದು ನೋಡುವುದಕ್ಕೆ ಮುಂಚೆಯೇ ನಿರ್ಧಾರವಾಗಿತ್ತೋ?

ಮಾರ್ಚ್ ೧೭, ಭಾನುವಾರ

ಅಪ್ಪನಿಗೆ ನೇರವಾಗಿ ಹೇಳುವ ಧೈರ್ಯ ಆಗಲಿಲ್ಲ. ಅಮ್ಮನಿಗೆ ಹೇಳಿದೆ. ನಾನು ಹೇಳಿದ್ದು ಇಷ್ಟೇ, "ಆ ಡಾಕ್ಟರು ಹಳೇದೇನೋ ಮುಚ್ಚಿಡ್ತಿದ್ದಾರೆ ಅನ್ಸುತ್ತಮ್ಮ." ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಅದು ಅಮ್ಮನ ಬಾಯಲ್ಲಿ "ಯಾರನ್ನೋ ಸಾಯಿಸಿ ಬಂದಿರೋ ಡಾಕ್ಟರು" ಆಗಿತ್ತು.

"ಯಾರು ಹೇಳಿದ್ದು?" ಎಂದರು ಅಪ್ಪ.

"ಯಾರು ಹೇಳಿದ್ರೇನು? ನಿಮ್ಮ ಮೂಗಿಗೆ ಅವನು ಪೈಪ್ ಹಾಕೋದು ಬೇಡ. ಬೇರೆಯವರಿಗೆ ತೋರಿಸೋಣ, ನಿಧಾನಕ್ಕೆ."

ಅಪ್ಪ ನನ್ನನ್ನು ನೋಡಿದರು. ನಾನು ಒಗೆದ ಬಟ್ಟೆ ಮಡಿಸುತ್ತಿದ್ದೆ. ಒಂದೇ ಟವೆಲನ್ನು ಮತ್ತೆ ಮತ್ತೆ ಮಡಿಸಿದೆ. ಕೊನೆಗೆ ಅಪ್ಪ, "ಆಯ್ತು ಮಾರಾಯ್ತಿ, ಸ್ವಲ್ಪ ದಿನ ಹೋಗಲಿ" ಎಂದರು. ಕೌಂಟರಿನ ಅಕ್ಕನಿಗೆ ಫೋನ್ ಮಾಡಿ, ಮನೆಯಲ್ಲಿ ತೊಂದರೆ ಎಂದು ಸುಳ್ಳು ಹೇಳಿ ಪರೀಕ್ಷೆ ಮುಂದೂಡಿದೆ. ಅಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ಗೊತ್ತಿರಲಿಲ್ಲ.

ಮಾರ್ಚ್ ೧೯

ಇವತ್ತು ಆಗಬೇಕಿತ್ತು. ಆಗಲಿಲ್ಲ. ಒಳ್ಳೆಯದೇ ಆಯಿತು.

ಮಾರ್ಚ್ ೨೨

ಡಾಕ್ಟರು ತಾವೇ ಫೋನ್ ಮಾಡಿದ್ದರು. ನಾನು ತೆಗೆಯಲಿಲ್ಲ. ರೋಗಿ ಬರಲಿಲ್ಲವೆಂದು ಡಾಕ್ಟರೇ ಫೋನ್ ಮಾಡುವುದನ್ನು ಯಾರಾದರೂ ಕೇಳಿದ್ದೀರಾ? ಎರಡನೇ ಸಲವೂ ಮಾಡಿದರು.

ಮಾರ್ಚ್ ೨೭, ಬುಧವಾರ

ಅಪ್ಪ ಹಲ್ಲುಜ್ಜಿ ಬಂದ ಮೇಲೆ ಬಚ್ಚಲಿಗೆ ಹೋದೆ. ಸಿಂಕಿನ ಬಿಳಿಯ ಮೇಲೆ ಕೆಂಪು ಎಳೆ. ಅವರು ನೀರು ಬಿಟ್ಟಿದ್ದರು, ಒಂದು ಎಳೆ ಉಳಿದುಬಿಟ್ಟಿತ್ತು.

"ವಸಡಿಂದ ಬಂದಿದ್ದು" ಎಂದರು.

ನಾನು ನಂಬಲಿಲ್ಲ. ಅವರೂ ನಂಬಿರಲಿಲ್ಲ. ಅಮ್ಮನಿಗೆ ಹೇಳಬೇಡ ಎಂದು ಕಣ್ಣಲ್ಲೇ ಹೇಳಿದರು.

ಮಾರ್ಚ್ ೨೮, ಗುರುವಾರ

ಸೀಟಿ ಮಾಮ ಬಂದಿದ್ದರು. ಅಪ್ಪ ಮೊದಲು ಕೆಲಸ ಮಾಡುತ್ತಿದ್ದ ಪಿಂಗಾಣಿ ಕಾರ್ಖಾನೆಯಲ್ಲಿ ಪಾಳಿ ಬದಲಾಗುವಾಗ ಸೈರನ್ ಊದುತ್ತಿದ್ದವರು ಇವರು. ಹಾಗಾಗಿ ಆ ಹೆಸರು. ಅಲ್ಲಿ ವಾಷ್ ಬೇಸಿನ್ನು, ಟೈಲ್ಸು ಮಾಡುತ್ತಿದ್ದರು. ಅಪ್ಪನದು ಒಣಗಿದ ಬೇಸಿನ್ನುಗಳನ್ನು ಉಜ್ಜಿ ನಯ ಮಾಡುವ ವಿಭಾಗ. ನಾನು ಚಿಕ್ಕವಳಿದ್ದಾಗ ಅವರು ಸಂಜೆ ಹುಬ್ಬಿನವರೆಗೂ ಬೆಳ್ಳಗಾಗಿ ಬರುತ್ತಿದ್ದದ್ದು ನೆನಪಿದೆ. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು.

"ಏನೋ, ಇನ್ನೂ ಇದ್ದೀಯಾ?" ಎಂದರು ಸೀಟಿ ಮಾಮ ಬಾಗಿಲಲ್ಲೇ.

"ನಿನಗೇ ಕಾಯ್ತಿದ್ದೆ ಕಣೋ. ಒಬ್ಬನೇ ಹೋಗೋಕೆ ಬೇಜಾರು."

"ನಾನು ಬರಲ್ಲಪ್ಪ, ನನ್ನ ಹೆಂಡ್ತಿ ಬಿಡಲ್ಲ."

ಹೀಗೇ ನಡೆಯಿತು ಒಂದು ಗಂಟೆ. ನಗುವುದು, ಕೆಮ್ಮುವುದು, ಮತ್ತೆ ನಗುವುದು. ಹೋಗುವಾಗ ಗೇಟಿನವರೆಗೆ ಬಂದ ನನ್ನ ಹತ್ತಿರ ಮಾಮ ದನಿ ತಗ್ಗಿಸಿದರು. "ನಿಮ್ಮಪ್ಪ ಭಾರೀ ಆಸಾಮಿ ಕಣಮ್ಮ. ಹುಡುಕಿ ಹುಡುಕಿ ಆ ಫಿಟ್ ಡಾಕ್ಟರ ಹತ್ರಾನೇ ಹೋಗಿದ್ದಾನೆ ನೋಡು."

"ಯಾವ ಫಿಟ್ ಡಾಕ್ಟರು?"

"ನಮ್ಮ ಕಾರ್ಖಾನೆ ಡಾಕ್ಟರು! ಆಗಿನ್ನೂ ಚಿಕ್ಕ ಹುಡುಗ. ವರ್ಷಕ್ಕೊಂದ್ಸಲ ನಮ್ಮನ್ನೆಲ್ಲ ಅಂಗಿ ಬಿಚ್ಚಿಸಿ ಸಾಲಾಗಿ ನಿಲ್ಲಿಸಿ ಉಸಿರು ಕೇಳೋದು. ಎಳಿ, ಬಿಡು, ಫಿಟ್. ಎಳಿ, ಬಿಡು, ಫಿಟ್. ಹೆಣ ತಂದು ನಿಲ್ಸಿದ್ರೂ ಫಿಟ್ಟೇ. ಆ ಸಾಲಲ್ಲಿ ನಿಂತಿದ್ದೋರಲ್ಲಿ ಎಷ್ಟು ಜನ ಉಳಿದಿದ್ದಾರೆ ಈಗ?"

ಗೇಟು ಹಾಕುವುದನ್ನೂ ಮರೆತು ನಿಂತೆ. ಖಾಲಿ ವರ್ಷಗಳು ತುಂಬಿದವು. ಅಪ್ಪನನ್ನು ಯಾಕೆ ಏನೂ ಕೇಳಲಿಲ್ಲ ಎಂಬುದೂ ತಿಳಿಯಿತು. ಗೊತ್ತಿದ್ದದ್ದನ್ನು ಯಾರು ಕೇಳುತ್ತಾರೆ?

ನನ್ನ ಅನುಮಾನ ನಿಜವಾಯಿತು. ಅದರಿಂದ ಸಮಾಧಾನ ಆಗಬೇಕಿತ್ತು. ಈಗ ಅಪ್ಪನ ಮೇಲೆ ಅನುಮಾನ ಶುರುವಾಗಿದೆ.

ಮಾರ್ಚ್ ೨೯, ಶುಕ್ರವಾರ

ಅಮ್ಮ ಅಂಗಡಿಗೆ ಹೋಗಿದ್ದಾಗ ಕೇಳಿಯೇಬಿಟ್ಟೆ. "ಅವರು ಯಾರು ಅಂತ ನಿಮಗೆ ಗೊತ್ತಿತ್ತು."

ಅಪ್ಪ ಕಾಲುಚೀಲ ಹಾಕಿಕೊಳ್ಳುತ್ತಿದ್ದರು. ಬಗ್ಗಿದರೆ ಉಸಿರು ಸಾಲುವುದಿಲ್ಲ, ಅದಕ್ಕೆ ಕಾಲನ್ನೇ ಮಂಚದ ಮೇಲೆ ಎತ್ತಿಟ್ಟುಕೊಂಡಿದ್ದರು.

"ಗೊತ್ತಿತ್ತು."

"ಗೊತ್ತಿದ್ದೂ ಹೋದ್ರಾ?"

"ಗೊತ್ತಿದ್ದಿದ್ದಕ್ಕೇ ಹೋದೆ. ಎದುರಿಗೆ ಅಂಗಿ ಬಿಚ್ಚಿ ಕೂತ್ರೆ ಈಗ ಏನು ಹೇಳ್ತಾನೆ ನೋಡೋಣ ಅಂತ. ನಾನು ಹೆಸರು ಹೇಳಿದ ತಕ್ಷಣ ಅವನಿಗೆ ಗೊತ್ತಾಯ್ತು. ಬೆನ್ನ ಮೇಲೆ ಅದನ್ನ ಇಟ್ಟೋನು ತೆಗೀಲೇ ಇಲ್ಲ. ನಾನೇ ಹೇಳಬೇಕಾಯ್ತು, ಸಾರ್ ಚಳಿ ಆಗ್ತಿದೆ ಅಂತ."

"ಬೇರೆ ಡಾಕ್ಟರ ಹತ್ರ ಹೋಗೋಣ ಅಪ್ಪ."

"ಬೇರೆಯವರು ಒಂದು ವರ್ಷ ಅಸ್ತಮಾ ಅಂತ ಬಾಯಿಗೆ ಹೊಡ್ಕೊಳ್ಳೋ ಪಂಪ್ ಕೊಟ್ಟು ಕೂರಿಸಿದ್ರಲ್ಲ. ಅವರಿಗೆ ನಾನು ದಿನಕ್ಕೆ ಬರೋ ಐವತ್ತು ಜನರಲ್ಲಿ ಒಬ್ಬ. ಇವನಿಗೆ ಹಾಗಲ್ಲ ಮಗಳೇ. ನನ್ನ ವಿಷಯದಲ್ಲಿ ಇನ್ನೊಂದ್ಸಲ ತಪ್ಪು ಮಾಡೋಕೆ ಇವನು ಹೆದರ್ತಾನೆ. ಹೆದರೋ ಡಾಕ್ಟರೇ ನನಗೆ ಬೇಕು."

"ಮತ್ತೆ ಅಮ್ಮ ಬೇಡ ಅಂದಾಗ ಯಾಕೆ ಸುಮ್ಮನಾದ್ರಿ?"

ಆ ಕಾಲುಚೀಲ ಹಾಕಿ ಮುಗಿಸಲು ಬಹಳ ಹೊತ್ತು ಬೇಕಾಯಿತು. "ನನಗೂ ಹೆದರಿಕೆ ಇರಲ್ವಾ? ನೀನು ಒಂದು ನೆಪ ಕೊಟ್ಟೆ, ತಗೊಂಡೆ" ಎಂದರು.

ಏಪ್ರಿಲ್ ೧, ಸೋಮವಾರ

ಕ್ಲಿನಿಕ್ಕಿಗೆ ಹೋದೆ. ಕೊನೆಯ ರೋಗಿ ಹೊರಗೆ ಬಂದ ಮೇಲೆ ಒಳಗೆ ಹೋಗಿ ಬಾಗಿಲು ಹಾಕಿದೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ನಾಲ್ಕು ವಾಕ್ಯ ಉರು ಹೊಡೆದಿದ್ದೆ, ಅದರಲ್ಲಿ ಒಂದೂ ಬರಲಿಲ್ಲ.

"ಆ ವರ್ಷಗಳಲ್ಲಿ ನೀವು ಪಿಂಗಾಣಿ ಕಾರ್ಖಾನೇಲಿದ್ರಿ" ಎಂದೆ.

"ಅಪ್ಪ ಹೇಳಿದ್ರಾ?"

"ಹೇಳಬೇಕಾಗಿದ್ದಿದ್ದು ನೀವು."

ಅವರು ಕುರ್ಚಿ ತೋರಿಸಿದರು. ಕೂರಲಿಲ್ಲ. ಅವರೇ ಮಾತಾಡಿದರು, ಮೇಜಿನ ಕಡೆ ನೋಡುತ್ತಾ. "ಎದೇಲಿ ಧೂಳು ಕೂತಿದೆ ಅಂತ ಬರೆದ್ರೆ ಮಾರನೇ ದಿನ ಅವರಿಗೆ ಕೆಲಸ ಇರ್ತಿರಲಿಲ್ಲ. ನನಗೂ ಇರ್ತಿರಲಿಲ್ಲ. ಮೊದಲನೇ ಮಾತನ್ನ ನನಗೆ ನಾನೇ ದಿನಾ ಹೇಳ್ಕೊಳ್ತಿದ್ದೆ. ಎರಡನೇದನ್ನ ಹೇಳ್ಕೊಳ್ತಿರಲಿಲ್ಲ. ಒಂದು ದಿನ ಬಿಟ್ಟು ಹೊರಟೆ. ಆಮೇಲೆ ಶ್ವಾಸಕೋಶನೇ ಓದಿದೆ."

"ಅಪ್ಪನ ಎದೇಲಿ ಆಗಲೇ ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು."

"ಏನು ಬರೆದ್ರಿ?"

"ಫಿಟ್ ಅಂತ."

ಇಷ್ಟು ಸುಲಭವಾಗಿ ಒಪ್ಪಿಕೊಳ್ಳುವವರನ್ನೂ ನಂಬಬಾರದು ಅನ್ನಿಸಿತು. ಒಪ್ಪಿಕೊಂಡರೆ ಎದುರಿನವರು ಕರಗುತ್ತಾರೆ ಎಂದು ಗೊತ್ತಿರುತ್ತದೆ. "ಇದನ್ನ ಪರಿಚಯದಲ್ಲಿ ಬರೀಬೇಕು" ಎಂದೆ.

"ಬರೆದ್ರೆ ಆಮೇಲೆ ಯಾರು ಬರ್ತಾರೆ ಇಲ್ಲಿಗೆ?"

"ಆ ಕಾರ್ಖಾನೆಯವರು ಬರ್ತಾರೆ. ಅಸ್ತಮಾ ಅಂತ ಪಂಪ್ ಹಿಡ್ಕೊಂಡು ಓಡಾಡ್ತಿರೋರು."

ಹೊರಗೆ ಅಕ್ಕ ಕಿಟಕಿಗಳನ್ನು ಹಾಕುತ್ತಿದ್ದ ಸದ್ದು. ಅದೇ ದನಿಯಲ್ಲಿ, ಸಿಂಕಿನಲ್ಲಿ ರಕ್ತ ಕಂಡದ್ದನ್ನೂ ಹೇಳಿದೆ. ಅದನ್ನು ಕೇಳಿದ್ದೇ ಡಾಕ್ಟರು ಎದ್ದು ನಿಂತುಬಿಟ್ಟರು. "ಯಾವತ್ತಿಂದ? ಎಷ್ಟು? ಬೈಯೋದಿದ್ರೆ ಆಮೇಲೆ ಬೈಯಿರಿ, ಎಷ್ಟು ಬೇಕೋ ಅಷ್ಟು ಬೈಯಿರಿ. ನಾಳೆ ಬೆಳಿಗ್ಗೆ ಅವರನ್ನ ಕರ್ಕೊಂಡು ಬನ್ನಿ. ಏನೂ ತಿನ್ನಿಸಬೇಡಿ."

ಏಪ್ರಿಲ್ ೨, ಮಂಗಳವಾರ

ಪರೀಕ್ಷೆ ಕ್ಲಿನಿಕ್ಕಿನ ಎದುರಿನ ಆಸ್ಪತ್ರೆಯಲ್ಲಿ ಆಯಿತು. ಒಪ್ಪಿಗೆಗೆ ಸಹಿ ಹಾಕುವ ಮುಂಚೆ ಕೇಳಿದೆ: ರಕ್ತ ಬಂದರೆ ಏನು ಮಾಡುತ್ತೀರಿ, ಉಸಿರು ನಿಂತರೆ ಯಾರಿರುತ್ತಾರೆ, ಟ್ಯೂಬು ಹಿಡಿಯುವುದು ನೀವೋ ಬೇರೆಯವರೋ. ನರ್ಸಮ್ಮ "ಎಷ್ಟು ಕೇಳ್ತೀರಪ್ಪ" ಎಂದು ಗೊಣಗಿದರು. ಡಾಕ್ಟರು ಒಂದೊಂದಕ್ಕೂ ಉತ್ತರ ಹೇಳಿದರು. ರಕ್ತದ ವಿಷಯ ಕೇಳಿದ ಮೇಲೆ ಬೇಡ ಎನ್ನುವುದನ್ನು ಬಿಟ್ಟಿದ್ದ ಅಮ್ಮ ಹೊರಗಿನ ಬೆಂಚಿನಲ್ಲಿ ಅಪ್ಪನ ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಅಪ್ಪ ಹೊರಗೆ ಬಂದಾಗ ಗಂಟಲು ಮರಗಟ್ಟಿ ಮಾತು ಬರುತ್ತಿರಲಿಲ್ಲ. ಕೈಯಲ್ಲಿ "ಆಯ್ತಾ?" ಎಂದರು. "ಆಯ್ತು" ಎಂದೆ.

ಏಪ್ರಿಲ್ ೬, ಶನಿವಾರ

ರಿಪೋರ್ಟಿಗೆ ಕಾಯುವಾಗ ಪರಿಚಯ ಬರೆದು ಮುಗಿಸಿದೆ. ಎಲ್ಲಿ ಓದಿದರು, ಯಾವ ಕಾಯಿಲೆ ನೋಡುತ್ತಾರೆ, ಹಳೆಯ ಎಕ್ಸ್‌ರೇಗಳನ್ನು ಯಾಕೆ ತರಬೇಕು, ಮೆಟ್ಟಿಲು ಹತ್ತಲಾಗದವರು ಕೆಳಗೆ ಯಾರಿಗೆ ಹೇಳಬೇಕು, ಎಲ್ಲ ಇದೆ. ನಡುವೆ ಡಾಕ್ಟರು ತಾವೇ ಬರೆದುಕೊಟ್ಟ ಸಾಲುಗಳು:

"ಶ್ವಾಸಕೋಶದ ವಿಷಯ ಓದುವ ಮುಂಚೆ ನಾನು ಪಿಂಗಾಣಿ ಕಾರ್ಖಾನೆಯ ವೈದ್ಯನಾಗಿದ್ದೆ. ಅಲ್ಲಿ ಹಲವರ ಎದೆಯಲ್ಲಿ ಧೂಳಿನ ಕಾಯಿಲೆ ಇರುವುದು ನನಗೆ ತಿಳಿದಿತ್ತು. ಆರೋಗ್ಯವಾಗಿದ್ದಾರೆ ಎಂದು ಸಹಿ ಹಾಕಿದೆ. ಅಲ್ಲಿ ಕೆಲಸ ಮಾಡಿದವರು, ಅವರ ಮನೆಯವರು ಯಾವ ದಿನವಾದರೂ ಬರಬಹುದು. ಮೊದಲು ಅವರನ್ನೇ ನೋಡುತ್ತೇನೆ."

ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ, "ಒಂದು ಮಾತು ಬಿಟ್ಟಿದ್ದಾನೆ" ಎಂದರು.

ಮತ್ತೆ ನನ್ನ ಕಿವಿ ನೆಟ್ಟಗಾಯಿತು. "ಏನು?"

"ಕೊನೇ ವರ್ಷ ನನ್ನ ಎದೆ ನೋಡಿ ಅವನು ಫಿಟ್ ಅಂತ ಸೀಲು ಒತ್ತಲಿಲ್ಲ. ಸಾಲಿಂದ ಈಚೆ ಕರೆದು, ನಿಮಗೆ ಧೂಳು ಹಿಡಿದಿದೆ, ಬರೆದುಬಿಡ್ತೀನಿ ಅಂದ. ನಾನೇ ಕೈಮುಗಿದೆ. ಏನೂ ಇಲ್ಲ ಅಂತ ಬರೀರಿ ಸಾರ್, ಮಗಳು ಈಗಷ್ಟೇ ಸ್ಕೂಲಿಗೆ ಸೇರಿದ್ದಾಳೆ ಅಂದೆ. ನನ್ನ ಹಿಂದೆ ನಿಂತಿದ್ದೋರೂ ಹಾಗೇ ಕೈಮುಗಿದ್ರು. ಅದಾದ ವಾರಕ್ಕೇ ಅವನು ಬಿಟ್ಟುಹೋದ."

ಡಾಕ್ಟರಿಗೆ ಫೋನ್ ಮಾಡಿ ಇದನ್ನೂ ಸೇರಿಸಲೇ ಎಂದು ಕೇಳಿದೆ. "ಬೇಡ" ಎಂದರು. "ಕೈಮುಗಿದ್ರೆ ಸುಳ್ಳು ಬರೆದುಬಿಡೋದಾ? ಡಾಕ್ಟರು ನಾನಾ, ಅವರಾ? ಅದನ್ನ ಹಾಕಬೇಡಿ. ಓದೋರಿಗೆ ಅವರದ್ದೂ ತಪ್ಪು ಅನ್ಸುತ್ತೆ."

ಹಾಕಲಿಲ್ಲ. ಓದುವವರಿಗೆ ಈಗ ಅದರಲ್ಲಿ ಎಲ್ಲವೂ ಇದೆ ಅನ್ನಿಸುತ್ತದೆ. ನನ್ನಂಥವಳು ಯಾರಾದರೂ ಓದಿದರೆ ಎಲ್ಲೋ ಒಂದು ಕಡೆ ತಡೆದು ನಿಲ್ಲಬಹುದು. ನಿಲ್ಲಲಿ. ವೆಬ್‌ಸೈಟಿಗೆ ಕಳಿಸಿಬಿಟ್ಟೆ.

ಏಪ್ರಿಲ್ ೧೦, ಬುಧವಾರ

ರಿಪೋರ್ಟ್ ಬಂತು. ಮೂವರೂ ಹೋಗಿದ್ದೆವು. ಅಮ್ಮನಿಗೆ ಇನ್ನೂ ಡಾಕ್ಟರ ಮೇಲೆ ಕೋಪ, ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ಕ್ಯಾನ್ಸರ್ ಅಲ್ಲ" ಎಂದರು ಡಾಕ್ಟರು, ಮೊದಲು ಅದನ್ನೇ. "ಕ್ಷಯ. ಧೂಳು ಕೂತ ಎದೇಲಿ ಅದು ಸುಲಭವಾಗಿ ಮನೆ ಮಾಡುತ್ತೆ. ಮಾತ್ರೆ ಇದೆ, ತಿಂಗಳುಗಟ್ಟಲೆ ನುಂಗಬೇಕು, ಒಂದು ದಿನವೂ ಬಿಡಬಾರದು. ಅದು ಗುಣ ಆಗುತ್ತೆ. ಧೂಳು ಹೋಗಲ್ಲ. ಮೆಟ್ಟಿಲು ಹತ್ತುವಾಗ ಈಗ ಆಗೋ ಕಷ್ಟ ಆಗ್ತಾನೇ ಇರುತ್ತೆ, ಸ್ವಲ್ಪ ಹೆಚ್ಚೂ ಆಗಬಹುದು. ಇನ್ನೂ ಮೊದಲೇ ಬಂದಿದ್ರೆ ಚೆನ್ನಾಗಿತ್ತು."

ಆ ಕೊನೆಯ ಮಾತು ಯಾರಿಗೆ ಹೇಳಿದರೋ ತಿಳಿಯಲಿಲ್ಲ. ನಾನು ನನಗೇ ಎಂದು ತೆಗೆದುಕೊಂಡೆ. ಅವರೂ ತಮಗೇ ಹೇಳಿಕೊಂಡ ಹಾಗಿತ್ತು.

ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಕೇಳಿದರು, "ಈಗ ನಾನು ಕೈಮುಗಿದು, ಏನೂ ಇಲ್ಲ ಅಂತ ಹೇಳಿಬಿಡಿ ಸಾರ್ ಅಂದಿದ್ರೆ?"

"ಆದ್ರೂ ಹೇಳ್ತಿದ್ದೆ."

"ಸರಿ ಹಾಗಾದ್ರೆ" ಎಂದರು ಅಪ್ಪ. ಅಷ್ಟೇ.

ನಾನು ರಿಪೋರ್ಟಿನ ಇನ್ನೊಂದು ಪ್ರತಿ ಕೇಳಿದೆ. ಬೇರೆ ಡಾಕ್ಟರಿಗೂ ತೋರಿಸುತ್ತೇನೆ ಎಂದು ಮುಖದ ಮೇಲೇ ಹೇಳಿದೆ. "ತೋರಿಸಿ" ಎಂದು ಕೊಟ್ಟರು. ಅಮ್ಮ ನನ್ನನ್ನು ಯಾರದೋ ಮಗಳನ್ನು ನೋಡುವ ಹಾಗೆ ನೋಡುತ್ತಿದ್ದರು.

ಕ್ಷಯವಾದ್ದರಿಂದ ಮನೆಯವರನ್ನೂ ಪರೀಕ್ಷೆ ಮಾಡಬೇಕಂತೆ. ಅಮ್ಮನದು ಮುಗಿದ ಮೇಲೆ ನಾನು ಸ್ಟೂಲಿನ ಮೇಲೆ ಕೂತೆ. ಬೆನ್ನಿಗೆ ತಣ್ಣನೆಯದು ತಗುಲಿತು, ಅಲ್ಲೇ ನಿಂತಿತು.

"ಏನಾದ್ರೂ ಇದ್ರೆ ನನಗೇ ಹೇಳಿ, ಅಪ್ಪನಿಗಲ್ಲ" ಎಂದೆ. "ಎಕ್ಸ್‌ರೇನೂ ತೆಗೆಸ್ತೀರಾ? ಎಡಗಡೆನೂ ನೋಡಿದ್ರಾ? ಅಮ್ಮನಿಗೆ ಇಷ್ಟು ಹೊತ್ತು ತಗೊಳ್ಳಲಿಲ್ಲ ನೀವು, ಯಾಕೆ?"

"ಅಮ್ಮ ಮಾತಾಡಲಿಲ್ಲ" ಎಂದರು ಡಾಕ್ಟರು. "ನೀವು ಒಂದು ನಿಮಿಷ ಸುಮ್ಮನಿದ್ರೆ ನನಗೆ ಏನಾದ್ರೂ ಕೇಳಿಸುತ್ತೆ."

ಬಾಯಿ ಮುಚ್ಚಿಕೊಂಡು ಉಸಿರೆಳೆದುಕೊಂಡೆ.